ನಮ್ಮ ಮನಿ ಅಕ್ಟೋಬರ್ ಏಲ್

ಸಂಕ್ರಮಣ ಆದ ಮ್ಯಾಲೆ ಇಲ್ಲೆ ಏನೂ ಬರದಿದ್ದಿಲ್ಲ. ಇವತ್ತ ಬರೀಲೇಬೇಕು, ಯಾಕಂದ್ರ ನಮ್ಮ ಮನಿ ಬಗ್ಗೆ ಓಣ್ಯಾಗ ಒಂದು ಸುದ್ದಿ ಹಬ್ಬೂ ಲಕ್ಷಣ ಅದ. ಹಬ್ಬೂದಕ್ಕಿಂತ ಮೊದಲ ನಾನೇ ಹೇಳಿಬಿಡೂದು ಚಲೋ.

ಹೋದ ವಾರ ಬಾಜೂ ಮನಿ ಕಾಕೂ ಒಂದು ವಾಟಗಾ ಸಕ್ರಿ ಇಸಗೊಳ್ಳಿಕ್ಕೆ ಬಂದಿದ್ರು. ಅಡಗಿ ಮನಿ ಕಟ್ಟಿ ಮ್ಯಾಲೆ ಎರಡು ಬಾಟ್ಲಿ ಇದ್ದವು. ಅವಕ್ಕ ನಮ್ಮ ಸಣ್ಣಾಂವ ಕಾಗದ ಅಂಟಿಸಿ, ಬಣ್ಣದ ಪೆನ್ನಿಲೆ ದೊಡ್ಡದಾಗಿ "ಅಕ್ಟೋಬರ್ ಏಲ್" ಅಂತ ಬರದಿದ್ದ. ಕಾಕೂ ಕನ್ನಡಕ ಏರಿಸಿ ಓದಿದ್ರು. ಮತ್ತೊಮ್ಮೆ ಓದಿದ್ರು.

"ಏಲ್ ಅಂದ್ರ ಬಿಯರ್ ಅಲ್ಲೇನವಾ?"

ನನಗ ಏನು ಹೇಳಬೇಕು ತಿಳೀಲಿಲ್ಲ. ಗಡಿಬಿಡಿಯೊಳಗ ಬಾಯಿಂದ ಖರೇ ಮಾತೇ ಬಂತು. "ನಮ್ಮ ಅತ್ತಿಯವರು ಮಾಡ್ಯಾರ್ರಿ ಕಾಕೂ."

ಕಾಕೂನ ಮುಖ ನೋಡಬೇಕಿತ್ತು ನೀವು. ಏಕಾದಶಿಗೆ ನೀರೂ ನೋಡಿ ಕುಡಿಯೂ ನಮ್ಮ ಅತ್ತಿ, ಎಪ್ಪತ್ತೆಂಟು ವರ್ಷದ ಹೆಣ್ಣುಮಗಳು, ಮನ್ಯಾಗ ಬಿಯರ್ ಮಾಡ್ತಾರಂತ! ಸಕ್ರಿ ವಾಟಗಾ ಅಲ್ಲೇ ಬಿಟ್ಟು ಹೋದ್ರು. ಕಾಕೂ, ಇದನ್ನ ಓದಿದ ಮ್ಯಾಲೆ ವಾಟಗಾ ತಗೊಂಡು ಹೋಗ್ರಿ. ನಡದದ್ದು ಏನಂದ್ರ, ಹಿಂಗ ಅದ.

ನಮ್ಮ ಮೈದುನ ಬೆಂಗಳೂರಿಂದ ಬರೂಮುಂದ ಹಳೇ ಪುಸ್ತಕದ ಅಂಗಡ್ಯಾಗ ಕೊಂಡ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದಿದ್ದ. "ರೆಡ್‌ವಾಲ್" ಅಂತ ಅದರ ಹೆಸರು. ಬರದಾಂವ ಇಂಗ್ಲೆಂಡಿನ ಲಿವರ್‌ಪೂಲಿನ ಬ್ರಯನ್ ಜೇಕ್ಸ್. 1986ರಾಗ ಬಂದದ್ದು, ಆಮ್ಯಾಲೆ ಅದರ ಹಿಂದ ಸಾಲಾಗಿ ಇಪ್ಪತ್ತೊಂದು ಪುಸ್ತಕ ಬಂದಾವಂತ. ಎಲ್ಲಾ ಕಲ್ಪನಾ ಲೋಕದ ಕಥಿ. ಅದರಾಗ ಮನುಷ್ಯಾರೇ ಇಲ್ಲ. ಕೆಂಪು ಕಲ್ಲಿನ ಒಂದು ಮಠ, ಅದರಾಗ ಇಲಿಗಳು ಸನ್ಯಾಸಿ ಆಗಿ ಇರ್ತಾವ. ಅಳಿಲು, ಮೊಲ, ನೀರುನಾಯಿ, ಎಲ್ಲಾ ಬಂದು ಆಸರಾ ತಗೋತಾವ. ದುಷ್ಟ ಹೆಗ್ಗಣ ಒಂದು ದಂಡು ಕಟ್ಟಿಕೊಂಡು ಮಠದ ಮ್ಯಾಲೆ ಬರ್ತದ. ಯುದ್ಧ ಜೋರು ಇರ್ತದ, ಆದ್ರ ನಮ್ಮ ಹುಡುಗನ ಜೀವ ಇರೂದು ಯುದ್ಧದಾಗಲ್ಲ, ಊಟದಾಗ. ಪುಟಗಟ್ಟಲೆ ಊಟ! ಗಡ್ಡಿ ಗೆಣಸಿನ ಕಡಬು, ಕಾಯಿಪಲ್ಲೆ ಸಾರು, ಬೆಣ್ಣಿ ರೊಟ್ಟಿ, ಹಣ್ಣಿನ ತಿನಸು. ಮತ್ತ ಮಠದ ನೆಲಮಾಳಗಿಯೊಳಗ ಸಾಲಾಗಿ ಕಟ್ಟಿಗಿ ಪೀಪಾಯಿ. ಅದನ್ನ ಕಾಯಾಂವ ಒಂದು ಹೆಡ್ಜ್‌ಹಾಗ್, ಅಂದ್ರ ಒಂದು ಸಣ್ಣ ಮುಳ್ಳಿನ ಪ್ರಾಣಿ. ಅವನ ಪೀಪಾಯಿಗಳೊಳಗ ಅಕ್ಟೋಬರ್ ಏಲ್, ಸ್ಟ್ರಾಬೆರಿ ಶರಬತ್ತು, ಎಲ್ಡರ್‌ಬೆರಿ ಹಣ್ಣಿನ ವೈನು, ದಂಡೇಲಿಯನ್ ಅನ್ನೂ ಹಳದಿ ಹೂವಿನ ಗಿಡದ ಪಾನಕ. ಒಂದೊಂದರ ಬಣ್ಣ, ವಾಸನಿ, ನೊರಿ ಎಲ್ಲಾ ವರ್ಣನಾ ಮಾಡ್ಯಾನ.

"ಮಮ್ಮಿ, ಅಕ್ಟೋಬರ್ ಏಲ್ ಮಾಡು" ಅಂತ ಹುಡುಗ ಹಿಂದ ಬಿದ್ದ. "ಪರೀಕ್ಷಾ ಬಂದಾವ, ಓದು ಹೋಗು" ಅಂದೆ. ಮುಗೀತು ಅನ್ಕೊಂಡೆ.

ಇಲ್ಲೆ ನಮ್ಮ ಅತ್ತಿಯವರ ವಿಷಯ ಹೇಳಬೇಕು. ನಿಮಗೆಲ್ಲಾ ಗೊತ್ತದ, ಅವರ ಕಣ್ಣು ಹೋಗಿ ಎರಡು ವರ್ಷ ಆತು. ಗ್ಲಾಕೋಮಾ, ಕಾಚಬಿಂದು ಅಂತೀವಲ್ಲ, ಅದು. ನೋವಿಲ್ಲ, ಕೆಂಪಿಲ್ಲ, ಸುತ್ತಲಿಂದ ಸಾವಕಾಶ ಕತ್ತಲಿ ಕವಕೊಂಡು ಬಂತು. "ಬಾಗಿಲ ಚೌಕಟ್ಟು ಬಡೀತು" ಅಂತಿದ್ರು. "ವಯಸ್ಸಾತು, ನೋಡಿ ನಡೀರಿ" ಅಂತಿದ್ದೆ ನಾನು. ಡಾಕ್ಟರಿಗೆ ತೋರಸೂದ್ರಾಗ ಬಹಳ ತಡ ಆಗಿತ್ತು. ಅದರಾಗ ಒಮ್ಮೆ ಹೋದ ದೃಷ್ಟಿ ತಿರಗಿ ಬರೂದಿಲ್ಲ. ನಲವತ್ತು ದಾಟಿದವರು, ಮನ್ಯಾಗ ಯಾರಿಗರೆ ಇದು ಇದ್ದವರು, ಕಣ್ಣಿನ ಒತ್ತಡ ತಪ್ಪದ ನೋಡಿಸಿಕೊಳ್ರಿ. ಇದು ನನ್ನ ಮೊದಲನೇ ತಪ್ಪು.

ಎರಡನೇದು ಇನ್ನೂ ಸಣ್ಣದು ಅನಸ್ತದ, ಆದ್ರ ನನಗ ಅದೇ ಹೆಚ್ಚು ಚುಚ್ಚತದ. ಅದೇ ವರ್ಷ ನಾವು ಅಡಗಿ ಮನಿ ಹೊಸದು ಮಾಡಿಸಿದ್ವಿ. ಹಳೇ ಹಿತ್ತಾಳಿ ಡಬ್ಬಿ, ತಗಡಿನ ಡಬ್ಬಿ, ಚಹಾಪುಡಿ ಬಂದಿದ್ದ ಚೌಕ ಡಬ್ಬಿ, ಎಲ್ಲಾ ಅಟ್ಟಕ್ಕ ಹಾಕಿದೆ. ಒಂದೇ ಅಳತಿ, ಒಂದೇ ಆಕಾರದ ಇಪ್ಪತ್ತನಾಕು ಪ್ಲಾಸ್ಟಿಕ್ ಡಬ್ಬಿ ತಂದು ಸಾಲಾಗಿ ಇಟ್ಟೆ. ನೋಡ್ಲಿಕ್ಕೆ ಚಂದ. ಆದ್ರ ಅತ್ತಿಯವರು ಐವತ್ತು ವರ್ಷ ಕೈಯಿಂದನೇ ಗುರುತು ಹಿಡಿತಿದ್ದ ಅಡಗಿ ಮನಿ ಅದರಾಗ ಕಳಕೊಂಡ್ರು. ತೊಗರಿಬ್ಯಾಳಿ ಅಂತ ಕಡ್ಲಿಬ್ಯಾಳಿ ಹಾಕಿದ್ರು. ಒಂದಿನ ಬಿಸಿ ಹಂಚಿಗೆ ಕೈ ತಾಕಿ ಬೊಬ್ಬಿ ಬಂತು. ನಾ ಹೆದರಿ, ಸಿಟ್ಟಿನಾಗ, "ನೀವು ಇನ್ನ ಒಳಗ ಬರಬ್ಯಾಡ್ರಿ ಅತ್ತ್ಯಾರ, ನಾ ಮಾಡ್ತೇನಿ" ಅಂದೆ.

ಅವರು ಬರೂದೇ ಬಿಟ್ರು. ಪಡಸಾಲಿ ಮಂಚದ ಮ್ಯಾಲೆ ಕೂಡೂದು, ರೇಡಿಯೋ ಕೇಳೂದು. ತಾಟು ಮುಂದ ಇಟ್ರ ಎರಡು ತುತ್ತು ತಿಂದು "ಸಾಕವಾ" ಅನ್ನೂದು. ಮಾದಲಿ ಮಾಡಿದ್ರೂ ಸಾಕು, ಗುರೆಳ್ಳ ಚಟ್ನಿ ಮಾಡಿದ್ರೂ ಸಾಕು. ಸೊರಗಿ ಹೋದ್ರು.

ಹಿಂಗ ಇರೂಮುಂದ ಒಂದಿನ ಸಂಜಿ ಕರೆಂಟ್ ಹೋತು. ಹುಡುಗ ಟಾರ್ಚ್ ಹಿಡಕೊಂಡು ಅಜ್ಜಿ ಮಂಚದ ಮ್ಯಾಲೆ ಕೂತು ಆ ಪುಸ್ತಕ ಓದ್ಲಿಕ್ಕೆ ಹತ್ತಿದ. ಇಂಗ್ಲಿಷಿನಾಗ ಓದೂದು, ಕನ್ನಡದಾಗ ಅಜ್ಜಿಗೆ ಹೇಳೂದು. ನಾ ಒಳಗ ಮೇಣಬತ್ತಿ ಹಚ್ಚಿ ರೊಟ್ಟಿ ಬಡೀಲಿಕ್ಕೆ ಹತ್ತಿದ್ದೆ. ಅತ್ತಿಯವರ ದನಿ ಕೇಳಿ ಕೈ ನಿಂತಿತು. "ಆ ಕಡಬಿನಾಗ ಏನು ಹಾಕಿದ್ರಂತ? ಗಜ್ಜರಿ ಏನು?" ಎಷ್ಟೋ ತಿಂಗಳಾದ ಮ್ಯಾಲೆ ಅವರು ಊಟದ ಬಗ್ಗೆ ಕೇಳಿದ ಮೊದಲ ಪ್ರಶ್ನಿ ಅದು.

ಅವತ್ತಿನಿಂದ ದಿನಾ ಸಂಜಿ ಓದೂದು ನಡೀತು. ನೆಲಮಾಳಗಿ ಬಂದ ದಿನ ಮಾತ್ರ ಗದ್ದಲ ಆತು.

"ಮಠದಾಗ ಸೆರೆ?" ಅಂದ್ರು ಅತ್ತಿ. "ಪುಸ್ತಕ ಮುಚ್ಚು."

ಅವರು ಹಂಗ ಅಂದದ್ದಕ್ಕ ಕಾರಣ ಅದ. ಅವರ ತವರಮನಿ ಅಣ್ಣ, ಒಬ್ಬನೇ ಅಣ್ಣ, ಸರಾಯಿಗೆ ಬಿದ್ದು ಹನ್ನೆರಡು ಎಕರೆ ಹೊಲ ಕಳದಾಂವ. ಕರ್ನಾಟಕದಾಗ 2007ರಾಗ ಸರಾಯಿ ಬಂದ್ ಆತಲ್ಲ, ಅದು ಆಗೂದಕ್ಕ ಮೊದಲ ಅಂವಾ ಹೋಗಿದ್ದ. ರೇಡಿಯೋದಾಗ ಆ ಸುದ್ದಿ ಬಂದ ದಿನ ಅತ್ತಿಯವರು ದೇವರ ಮುಂದ ದೀಪ ಹಚ್ಚಿ ಅತ್ತಿದ್ರಂತ, ನಮ್ಮವರು ಹೇಳ್ತಾರ. ಆ ಮನಿಯೊಳಗ ಏಲು, ವೈನು ಅನ್ನೂ ಶಬ್ದ ಸುಮ್ಮನ ಶಬ್ದ ಅಲ್ಲ.

ಹುಡುಗ ಮುಖ ಸಣ್ಣದು ಮಾಡಿ ಒಳಗ ಬಂದ. ಅವನನ್ನ ಸಮಾಧಾನ ಮಾಡ್ಲಿಕ್ಕಂತ ನಾ ಮೊಬೈಲಿನಾಗ, ಗ್ರಂಥಾಲಯದಾಗ ಒಂದಿಷ್ಟು ಓದಿದೆ. ಓದಿಧಾಂಗ ನನಗೇ ರುಚಿ ಹತ್ತಿತು. ಯುರೋಪಿನ ಮಠಗಳೊಳಗ ಖರೇನೇ ಬಿಯರ್ ಮಾಡ್ತಿದ್ರು. ಬೆಲ್ಜಿಯಮ್ಮಿನ ಕೆಲವು ಮಠದಾಗ ಇನ್ನೂ ಮಾಡ್ತಾರ. ಅಕ್ಟೋಬರ್ ಏಲ್ ಅನ್ನೂದೂ ಕಟ್ಟುಕಥಿ ಅಲ್ಲ. ಫ್ರಿಜ್ಜು ಇಲ್ಲದ ಕಾಲದಾಗ ಇಂಗ್ಲೆಂಡಿನ್ಯಾಗ ಬ್ಯಾಸಗಿ ಒಳಗ ಮಾಡಿದ್ದು ಕೆಡತಿತ್ತು. ಅದಕ್ಕ ಹೊಸಾ ಬಾರ್ಲಿ ಬಂದು, ಥಂಡಿ ಶುರುವಾದ ಮ್ಯಾಲೆ, ಅಕ್ಟೋಬರಿನಾಗ ಗಟ್ಟಿ ಏಲ್ ಮಾಡಿ ಪೀಪಾಯಿಗೆ ತುಂಬಿ ತಿಂಗಳಗಟ್ಟಲೆ, ವರ್ಷಗಟ್ಟಲೆ ಇಡ್ತಿದ್ರು. ನಮ್ಮ ಶಿವರಾತ್ರಿ ಆದ ಮ್ಯಾಲೆ ದೋಸಿ ಹಿಟ್ಟು ಮಧ್ಯಾಹ್ನಕ್ಕೇ ಉಕ್ಕಿ ಬರ್ತದ, ದೀಪಾವಳಿ ಥಂಡ್ಯಾಗ ಮರದಿನಾ ಆದ್ರೂ ಏಳೂದಿಲ್ಲ. ಅದೇ ಲೆಕ್ಕ.

ಇನ್ನೊಂದು ಸಂಗತಿ ನಿಮಗೆಲ್ಲಾ ಹೇಳಲೇಬೇಕು. ಹಳೇ ಇಂಗ್ಲೆಂಡಿನ್ಯಾಗ ಏಲ್ ಮಾಡೂದು ಹೆಚ್ಚಾಗಿ ಹೆಂಗಸರ ಕೆಲಸ ಇತ್ತು. ಅಡಗಿ ಕೆಲಸದಾಗ ಅದೂ ಒಂದು. ನಾಕೈದು ದಿನಕ್ಕ ಹುಳಿ ಆಗಿಬಿಡ್ತಿತ್ತು, ಅದಕ್ಕ ಮನಿಗೆ ಬೇಕಾದಷ್ಟು ಇಟಗೊಂಡು ಉಳಿದದ್ದು ಬಾಜೂ ಮನಿಯವರಿಗೆ ಮಾರೂದು. ಹಂಗ ಮಾಡೂ ಹೆಣ್ಣುಮಗಳಿಗೆ ಬ್ರೂಸ್ಟರ್ ಅಂತಿದ್ರು. ಕೆಡದಂಗ ಇಡೂ ಹಾಪ್ಸ್ ಅನ್ನೂ ಕಹಿ ಹೂವು ಬಂತು, ದೂರ ಸಾಗಿಸೂದು ಬಂತು, ದೊಡ್ಡ ರೊಕ್ಕ ಬಂತು, ಆವಾಗ ಆ ಕೆಲಸ ಸಾವಕಾಶ ಗಂಡಸರ ಕೈಗೆ ಹೋತು.

ಇದನ್ನೆಲ್ಲಾ ಒಂದು ಮಧ್ಯಾಹ್ನ ಅತ್ತಿಯವರ ಮುಂದ ಕೂತು ಹೇಳಿದೆ. ಬಾರ್ಲಿ ನೆನಿಹಾಕಿ ಮೊಳಕಿ ಬರಸ್ತಾರ, ಒಣಗಿಸಿ ಹುರದು ಒಡೀತಾರ, ಬಿಸಿನೀರಾಗ ಹಾಕಿ ಸಿಹಿ ನೀರು ಇಳಸ್ತಾರ, ಕುದಸ್ತಾರ, ಆರಿಸಿ ಹಿಂದಿನ ಸಲದ ನೊರಿ ಹಾಕ್ತಾರ ಅಂತ.

"ಹಿಂದಿನ ಸಲದ್ದು ಯಾಕ?"

"ಹೆಪ್ಪು ಇದ್ದಂಗ ಅತ್ತ್ಯಾರ."

ಸುಮ್ಮನ ಕೂತ್ರು. ಆಮ್ಯಾಲೆ, "ಮೊಳಕಿ ಬರಸಿ ಹುರದು ಬೀಸೂದು ನಿನ್ನ ಮಗನ ಸರಿ ಹಿಟ್ಟಿಗೆ ನಾ ಮಾಡಿದ್ದೇ ಅಲಾ? ನೊರಿ ಬರೂತನಕ ಇಡೂದು ನಮ್ಮ ಜ್ವಾಳದ ಅಂಬಲಿ ಅಲಾ? ಹಂಗಂದ್ರ ಅದನ್ನ ಕಂಡುಹಿಡದಾಕಿ ನಮ್ಮಂಥಾಕಿನೇ" ಅಂದ್ರು. ಮತ್ತೊಂದು ಗಳಿಗಿ ಬಿಟ್ಟು, "ಓದಲಿ ಬಿಡು" ಅಂದ್ರು.

ಈಗ ಮುಖ್ಯ ಮಾತಿಗೆ ಬರ್ತೇನಿ. ಈ ಜೇಕ್ಸ್ ಅನ್ನಾಂವ ಯಾಕ ಇಷ್ಟು ಊಟ ಬರದ ಅಂತ ನನಗ ಕುತೂಹಲ ಇತ್ತು. ಅಂವಾ 1939ರಾಗ ಹುಟ್ಟಿದಾಂವ. ಯುದ್ಧದ ಕಾಲ, ರೇಷನ್ ಕಾಲ. ಇಂಗ್ಲೆಂಡಿನ್ಯಾಗ ಊಟದ ರೇಷನ್ 1940ರಿಂದ 1954ರ ತನಕ ಇತ್ತು. ಅವನ ಬಾಲ್ಯ ಎಲ್ಲಾ ಅದರಾಗೇ ಹೋಗ್ಯದ. ಹದಿನೈದಕ್ಕೇ ಸಾಲಿ ಬಿಟ್ಟು ಹಡಗಿನ ಮ್ಯಾಲೆ ಹೋದ, ಬಂದರದಾಗ ದುಡದ, ಬಸ್ ನಡಸಿದ. ಒಂದು ಕಾಲಕ್ಕ ಹಾಲು ಹಾಕಾಂವ ಆಗಿದ್ದ. ಅವಾಗ ಲಿವರ್‌ಪೂಲಿನ ಕುರುಡು ಮಕ್ಕಳ ಸಾಲಿಗೆ ಹಾಲು ಹಾಕ್ತಿದ್ದ, ಆ ಮಕ್ಕಳಿಗೆ ಪುಸ್ತಕ ಓದಿ ಹೇಳ್ಲಿಕ್ಕೆ ಹತ್ತಿದ. ಇದ್ದ ಪುಸ್ತಕ ಅವನ ಮನಸ್ಸಿಗೆ ಬರಲಿಲ್ಲ. ತಾನೇ ಬರೀಲಿಕ್ಕೆ ಕೂತ. ಆ ಮಕ್ಕಳಿಗೆ ಕಾಣೂದಿಲ್ಲ, ಅದಕ್ಕ ಅವರಿಗೆ ಕಾಣೂ ಹಂಗ ಬರದ. ಬಣ್ಣ, ವಾಸನಿ, ಸಪ್ಪಳ, ರುಚಿ, ಒಂದನ್ನೂ ಬಿಡಲಿಲ್ಲ. ಅವನಿಗೆ ಸಾಲ್ಯಾಗ ಇಂಗ್ಲಿಷ್ ಕಲಿಸಿದ ಅಲನ್ ಡರ್ಬಂಡ್ ಅನ್ನೂ ಮಾಸ್ತರು ಅದನ್ನ ಓದಿ, ಅವನಿಗೆ ಹೇಳದನೇ ಪ್ರಕಾಶಕರಿಗೆ ಮುಟ್ಟಿಸಿದ್ರಂತ. ಹಿಂಗ ಅದು ಪುಸ್ತಕ ಆತು.

ಇದನ್ನ ಓದಿದಾಗ ರಾತ್ರಿ ಹನ್ನೊಂದು ಆಗಿತ್ತು. ನಾ ಅಡಗಿ ಮನಿ ದೀಪ ಹಚ್ಚಿ ಸುಮ್ಮನ ನಿಂತೆ. ಎರಡು ವರ್ಷ ನಾ ಅತ್ತಿಯವರ ಮುಂದ ತಾಟು ಇಟ್ಟೇನಿ. ಒಂದು ದಿನ ಆದ್ರೂ ಅದರಾಗ ಏನದ ಅಂತ ಹೇಳೇನಿ ಏನು? "ಊಟ ಇಟ್ಟೇನ್ರಿ" ಅಷ್ಟೇ. ಅವರು ಬೆರಳಿಲೆ ತಡಕಾಡಿ, ಚಟ್ನಿ ಅಂತ ಉಪ್ಪಿನಕಾಯಿ ಬಾಯಿಗೆ ಹಾಕ್ಕೊಂಡು, ಮುಖ ಕಿವಿಚಿ, "ಸಾಕವಾ" ಅಂತಿದ್ರು. ಹಸಿವಿ ಇಲ್ಲ ಅಂತ ನಾ ತಿಳಕೊಂಡಿದ್ದೆ.

ಮರದಿನ ತಾಟು ಇಟ್ಟು ಬಾಜೂಕ ಕೂತೆ. "ಅತ್ತ್ಯಾರ, ನಡುವ ಬಿಸಿ ರೊಟ್ಟಿ ಅದ, ಉಬ್ಬಿ ಬಂದದ, ಅಂಚಿಗೆ ಒಂಚೂರು ಕಪ್ಪಾಗ್ಯದ. ಎಡಕ್ಕ ಗುರೆಳ್ಳ ಚಟ್ನಿ, ಮ್ಯಾಲೆ ಮೊಸರು ಹಾಕೇನಿ. ಬಲಕ್ಕ ಎಣಗಾಯಿ, ಸಣ್ಣ ಬದನಿಕಾಯಿ, ತುಂಬು ಬಿಟ್ಟೇನಿ, ಅದನ್ನ ಹಿಡದು ತಿನ್ರಿ." ಮುಗಿಸೂದ್ರಾಗ ನನಗ ಗಂಟಲು ಕಟ್ಟಿತು. ಅವರು ಏನೂ ಅನಲಿಲ್ಲ. ಎರಡು ರೊಟ್ಟಿ ತಿಂದ್ರು.

ಆ ಆಯ್ತವಾರ ಅಟ್ಟದಿಂದ ಹಳೇ ಡಬ್ಬಿ ಇಳಿಸಿದೆ. ಹಿತ್ತಾಳಿದ್ರಾಗ ತೊಗರಿ, ಚೌಕದ್ರಾಗ ಕಡ್ಲಿ, ಮುಚ್ಚಳಾ ಸೊಟ್ಟಾದದ್ರಾಗ ಸಾಸಿವಿ. ನಾಕು ತಿಂಗಳ ಹಿಂದ ಚಂದ ಕಾಣ್ತದ ಅಂತ ಎಲ್ಲಾರಿಗೂ ಫೋಟೋ ಕಳಿಸಿದ್ದ ಅಡಗಿ ಮನಿ ಈಗ ಸಂತಿ ಹಂಗ ಆಗ್ಯದ. ಆಗಲಿ.

ಮತ್ತ ಹುಡುಗನಿಗೆ, "ಅಜ್ಜಿನ್ನ ಕೇಳು, ಏಲ್ ಮಾಡೂಣ ಏನು ಅಂತ" ಅಂದೆ. ಬಾರ್ಲಿದಲ್ಲ, ಹಸಿ ಶುಂಠಿದು. ನಾ ಅತ್ತಿಯವರ ಮುಂದ ಏನೂ ಮುಚ್ಚಿಡಲಿಲ್ಲ. "ಸಕ್ರಿ ಹುಳಿ ಬಂದ್ರ ಅದರಾಗ ಒಂಚೂರು ಆಲ್ಕೋಹಾಲ್ ಹುಟ್ಟೇ ಹುಟ್ಟತದ. ಎಷ್ಟು ದಿನ ಬಿಡ್ತೀವಿ ಅಷ್ಟು ಹೆಚ್ಚಾಗ್ತದ. ಬ್ಯಾಡ ಅಂದ್ರ ಬ್ಯಾಡ" ಅಂದೆ. ಅವರು ಭಾಳ ಹೊತ್ತು ಯೋಚನಾ ಮಾಡಿದ್ರು. ಅಣ್ಣನ ನೆನಪು ಬಂದಿರಬೇಕು. ಆಮ್ಯಾಲೆ ತಾವೇ ಕಾಯದೆ ಹಾಕಿದ್ರು: ಎರಡನೇ ದಿನ ಫ್ರಿಜ್ಜಿಗೆ ಹೋಗಬೇಕು, ನಾಕನೇ ದಿನ ಬಾಟ್ಲಿ ಖಾಲಿ ಇರಬೇಕು, ಒಬ್ಬರಿಗೆ ಒಂದು ಸಣ್ಣ ವಾಟಗಾ. "ಮತ್ತ ಅದನ್ನ ನಾ ನೋಡಕೋತೀನಿ" ಅಂದ್ರು. ಎರಡು ವರ್ಷದ ಮ್ಯಾಲೆ ಅಡಗಿ ಮನಿಗೆ ಬಂದ್ರು.

ಮಾಡೂ ರೀತಿ ಹೇಳ್ತೇನಿ. ಕುದಿಸಿ ಆರಿಸಿದ ಎರಡು ಕಪ್ ನೀರು ಗಾಜಿನ ಭರಣ್ಯಾಗ ಹಾಕ್ರಿ. ಹಸಿ ಶುಂಠಿ ತೊಳದು ಸಿಪ್ಪಿ ಸಹಿತ ತುರೀರಿ, ಅದೊಂದು ದೊಡ್ಡ ಚಮಚಾ, ಸಕ್ರಿ ಒಂದು ದೊಡ್ಡ ಚಮಚಾ. ಅರಿವಿ ಕಟ್ಟಿ ಇಡ್ರಿ. ದಿನಾ ಇಷ್ಟಿಷ್ಟೇ ಹಾಕಿ ಕಲಸ್ರಿ. ಬ್ಯಾಸಗ್ಯಾಗ ನಾಕೈದು ದಿನ, ಥಂಡ್ಯಾಗ ಎಂಟು ದಿನಕ್ಕ ಗುಳ್ಳಿ ಬರ್ತಾವ. ಇದು ಹೆಪ್ಪು. ಬೂಸು ಬಂದ್ರ, ಕೆಟ್ಟ ವಾಸನಿ ಬಂದ್ರ ಚೆಲ್ರಿ. ಆಮ್ಯಾಲೆ ಒಂದು ಲೀಟರ್ ನೀರಿಗೆ ಅರ್ಧ ಕಪ್ ಸಕ್ರಿ, ಒಂದಿಷ್ಟು ಶುಂಠಿ ಹಾಕಿ ಕುದಿಸಿ, ಪೂರಾ ಆರಿಸಿ, ಸೋಸಿ, ಎರಡು ಲಿಂಬಿಹಣ್ಣು ಹಿಂಡಿ, ಕಾಲು ಕಪ್ ಹೆಪ್ಪಿನ ನೀರು ಹಾಕ್ರಿ. ಸೋಡಾ ಬರೂ ಪ್ಲಾಸ್ಟಿಕ್ ಬಾಟ್ಲ್ಯಾಗೇ ತುಂಬ್ರಿ, ಮ್ಯಾಲೆ ನಾಕು ಬೆರಳು ಜಾಗಾ ಬಿಡ್ರಿ. ಗಾಜಿನ್ಯಾಗ ಬ್ಯಾಡ, ಒಡೀತದ. ಬಾಟ್ಲಿ ಒತ್ತಿದ್ರ ಕಲ್ಲಿನಂಗ ಗಟ್ಟಿ ಆತಂದ್ರ ಫ್ರಿಜ್ಜಿಗೆ ಇಡ್ರಿ. ಬಸುರಿಯರು, ಸಣ್ಣ ಕೂಸುಗಳು, ಕುಡತ ಬಿಟ್ಟವರು ಮನ್ಯಾಗ ಇದ್ರ ಮಾಡಲೇಬ್ಯಾಡ್ರಿ, ನಮ್ಮ ಪಾನಕಾನೇ ಚಲೋ.

ಈ ಕೆಲಸದಾಗ ಕಣ್ಣಿನ ಹಂಗು ಭಾಳ ಇಲ್ಲ ಅಂತ ನನಗ ಮಾಡೂಮುಂದ ತಿಳೀತು. ಅತ್ತಿಯವರು ದಿನಾ ಮುಂಜಾನೆ ಭರಣಿಗೆ ಕಿವಿ ಹಚ್ತಿದ್ರು. "ಇನ್ನೂ ಮಲಗ್ಯದ" ಅಂತಿದ್ರು. ಏಳನೇ ದಿನ, "ಮಾತಾಡ್ಲಿಕ್ಕೆ ಹತ್ತೇದ ನೋಡು" ಅಂದ್ರು. ನಾ ಕಿವಿ ಹಚ್ಚಿದೆ, ಹೌದು, ಸಣ್ಣ ಮಳಿ ಬಿದ್ದಂಗ ಸಪ್ಪಳ. ನನ್ನ ಕಣ್ಣಿಗೆ ಒಂದು ಗುಳ್ಳಿನೂ ಕಂಡಿದ್ದಿಲ್ಲ. ಬಾಟ್ಲಿ ತುಂಬಿದ ಮ್ಯಾಲೆ ಹೆಬ್ಬಟ್ಟಿನಿಂದ ಒತ್ತಿ ನೋಡೂದೂ ಅವರೇ. ನಾ "ಆತು ಅನಸ್ತದ್ರಿ" ಅಂದ್ರ, "ಇಲ್ಲ, ಸಂಜಿಕ್ಕ ನೋಡೂಣ" ಅಂತಿದ್ರು. ಸಂಜಿಗೇ ಆಗ್ತಿತ್ತು.

ತೆಗದ ದಿನ ಹುಡುಗ ಅಜ್ಜಿಗೆ ವರ್ಣನಾ ಮಾಡಿದ. "ಅಜ್ಜಿ, ಬಣ್ಣ ನಿಮ್ಮ ಹಳೇ ಪತ್ತಲದ ಅಂಚಿನಂಗ ಅದ, ಬಂಗಾರದ್ದಲ್ಲ, ಮಾಸಿದ ಜರಿದು. ಗುಳ್ಳಿ ಕೆಳಗಿಂದ ಸಾಲಾಗಿ ಏರ್ಲಿಕ್ಕೆ ಹತ್ಯಾವ." ಅವರು ಒಂದು ಗುಟುಕು ಕುಡದ್ರು. ಮೂಗಿಗೆ ಏರಿ ಸೀನು ಬಂತು. ಆಮ್ಯಾಲೆ ನಕ್ಕರು. "ರಾಮನವಮಿ ಪಾನಕದ ತಂಗಿ ಇದು, ಒಂಚೂರು ಜಗಳಗಂಟಿ" ಅಂದ್ರು. ಅಂವಾ ಅಜ್ಜಿಗೆ ಮಠದ ನೆಲಮಾಳಗಿ ಕಾಯಾಂವ ಅಂತ ಬಿರುದು ಕೊಟ್ಟಾನ. ಬಾಟ್ಲಿಗೆ ಆ ಹೆಸರು ಅಂಟಿಸಿದವನೂ ಅವನೇ.

ಕಣ್ಣು ಬಂದಿಲ್ಲ. ಬರೂದೂ ಇಲ್ಲ. ಕೆಲವು ದಿನ ಇನ್ನೂ ಸುಮ್ಮನ ಗ್ವಾಡಿಗೆ ಮುಖ ಮಾಡಿ ಕೂಡ್ತಾರ, ಅವಾಗ ನಾ ಮಾತಾಡಸೂದಿಲ್ಲ. ಆದ್ರ ಈಗ ದೋಸಿ ಹಿಟ್ಟು, ಅಂಬಲಿ, ಮೊಸರಿನ ಹೆಪ್ಪು, ಎಲ್ಲಾ ಅವರ ಕಡೆ ಹೋಗ್ಯಾವ. ಒಲಿ ಹಚ್ಚೂದು ಮಾತ್ರ ನಾನು.

ಕಾಕೂ, ಇಷ್ಟು ಓದಿ ಆದ ಮ್ಯಾಲೆ ಒಂದು ಸಂಜಿ ಬರ್ರಿ. ಏಕಾದಶಿ ಬಿಟ್ಟು ಬರ್ರಿ, ಅವತ್ತ ನೆಲಮಾಳಗಿ ಬಂದ್ ಇರ್ತದ. ಸಣ್ಣ ವಾಟಗಾ ಒಂದೇ ಸಿಗೂದು, ಕಾಯದೆ ಅತ್ತಿಯವರದು. ಮತ್ತ ಬಂದಾಗ ಅವರ ಬಾಜೂಕ ಕೂತು, ನಿಮ್ಮ ಹೊಸಾ ಸೀರಿ ಯಾವ ಬಣ್ಣದ್ದು ಅಂತ ಹೇಳ್ರಿ. ಭಾಳ ಕೇಳ್ಯಾರ.